ಮೂರು ಹೋಟೆಲಿಗೆ ಒಂದೇ ಮ್ಯಾಟರು

ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ನಮ್ಮ ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಇರಲಿ, ಸುಳ್ಳೇನಲ್ಲ. ಆದರೆ ಈಗ ಹೇಳಹೊರಟಿರುವ ಸಂಗತಿಯಲ್ಲಿ ನನ್ನ ಕೋಪವೆಲ್ಲ ನನ್ನ ಮೇಲೆಯೇ. ಇನ್ಯಾರ ತಲೆಗಾದರೂ ಕಟ್ಟಿ ಹಗುರಾಗೋಣ ಎಂದು ಎಷ್ಟೋ ಸಲ ನೋಡಿದ್ದೇನೆ. ಆಗಿಲ್ಲ.

ತೊಂಬತ್ತರ ದಶಕದ ಕೊನೆಯಲ್ಲಿ ಬಿ.ಎ. ಮುಗಿಸಿ ತುಮಕೂರಿನ ಬಟವಾಡಿಯ ಒಂದು ಡಿಟಿಪಿ ಅಂಗಡಿಗೆ ಕೆಲಸಕ್ಕೆ ಸೇರಿದೆ. ಲಗ್ನಪತ್ರಿಕೆ, ಗೃಹಪ್ರವೇಶ, ನಾಮಕರಣ, ತಿಥಿ ಕಾರ್ಡು, ಎಲ್ಲಕ್ಕೂ ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸಿ ಕೊಡುವುದು ನನ್ನ ಕೆಲಸ. ಅಚ್ಚಾಗಬೇಕಾದ ಬರಹಕ್ಕೆ ಆ ಅಂಗಡಿಗಳಲ್ಲಿ ಮ್ಯಾಟರ್ ಎನ್ನುತ್ತಾರೆ. ಬಂದವರೆಲ್ಲ ಹೇಳುತ್ತಿದ್ದುದು ಒಂದೇ ಮಾತು, "ಮ್ಯಾಟ್ರು ನೀವೇ ಹಾಕ್ಬುಡಿ ಮೇಡಂ."

ಸೇರಿದ ಹೊಸದರಲ್ಲಿ ನನ್ನ ಕೈ ಸುಮ್ಮನಿರಲಿಲ್ಲ. ಒಂದು ಲಗ್ನಪತ್ರಿಕೆಯಲ್ಲಿ ಬಂಧುಮಿತ್ರರೊಡನೆ ಆಗಮಿಸಿ ಎಂಬ ಮಾಮೂಲಿ ಸಾಲನ್ನು ಕಿತ್ತುಹಾಕಿ, ಹುಡುಗಿಯ ಮನೆಯ ಹಿಂದಿನ ಹೊಂಗೆ ಮರದ ನೆರಳಲ್ಲಿ ಚಪ್ಪರ ಹಾಕಿದ್ದೇವೆ, ಬನ್ನಿ ಎಂದು ಬರೆದೆ. ನಿಜಕ್ಕೂ ಅಲ್ಲೇ ಚಪ್ಪರ ಹಾಕುವವರಿದ್ದರು. ಹುಡುಗಿಯ ಅಪ್ಪ ಮಾರನೆಯ ದಿನವೇ ಕಾರ್ಡಿನ ಕಟ್ಟು ತಂದು ಮೇಜಿನ ಮೇಲೆ ಕುಕ್ಕಿದರು. "ಏನವ್ವ, ಮದ್ವೆ ಪತ್ರಿಕೆನ ಕಥೆ ಪುಸ್ತಕ ಮಾಡ್ಬುಟ್ಟಿದೀಯಲ್ಲ! ಬೀಗ್ರು ನೋಡುದ್ರೆ ಏನ್ ತಿಳ್ಕಂಡಾರು?"

ಅವರು ಹೋದ ಮೇಲೆ ಅಂಗಡಿಯ ಯಜಮಾನರು ನನ್ನನ್ನು ಕೂರಿಸಿಕೊಂಡು ಪಾಠ ಹೇಳಿದರು. "ನೋಡಮ್ಮ, ಹೆಸರು, ತಾರೀಕು, ಛತ್ರ. ಈ ಮೂರು ಬದ್ಲಾಯ್ಸು. ಮಿಕ್ಕಿದ್ದು ಮುಟ್ಬೇಡ. ಎಲ್ರ ಮನೆ ಪತ್ರಿಕೆ ಹೆಂಗಿರುತ್ತೋ ಹಂಗಿದ್ರೇ ಮರ್ಯಾದೆ." ಅವರ ಮಾತು ತಪ್ಪಲ್ಲ. ಲಗ್ನಪತ್ರಿಕೆ ಹಿಡಿದು ಮನೆಯವರೇ ಬಾಗಿಲಿಗೆ ಬರುತ್ತಾರೆ, ಅರಿಶಿನ ಕುಂಕುಮ ಇಟ್ಟು ಕೂಗಿ ಕರೆಯುತ್ತಾರೆ. ಯಾರ ಮನೆ, ಯಾವ ಹುಡುಗಿ ಎಂದು ಕರೆಸಿಕೊಂಡವರಿಗೆ ಗೊತ್ತೇ ಇರುತ್ತದೆ. ಅಲ್ಲಿ ಮ್ಯಾಟರ್ ಬರೀ ಶಾಸ್ತ್ರಕ್ಕೆ. ಆ ಪಾಠ ನನ್ನ ಬೆರಳಿಗೆ ಅಂಟಿಕೊಂಡುಬಿಟ್ಟಿತು.

ನಾಲ್ಕೈದು ವರ್ಷದ ಮೇಲೆ ಅದೇ ಊರಿನ ಶೆಟ್ಟಿಹಳ್ಳಿಯಲ್ಲಿ ನನ್ನದೇ ಪುಟ್ಟ ಅಂಗಡಿ ಹಾಕಿದೆ. ಅಷ್ಟರಲ್ಲಿ ಊರಿಗೆಲ್ಲ ವೆಬ್‌ಸೈಟಿನ ಹುಚ್ಚು ಹಿಡಿಯಿತು. ಸಂಜೆ ಕ್ಲಾಸಿಗೆ ಹೋಗಿ ಅದನ್ನೂ ಕಲಿತೆ. ಮೊದಲು ಸಿಕ್ಕ ಗಿರಾಕಿಗಳು ಹೋಟೆಲಿನವರು. ತುಮಕೂರಿನ ಬಸ್‌ಸ್ಟ್ಯಾಂಡ್ ಹತ್ತಿರದ ದೊಡ್ಡ ಹೋಟೆಲೊಂದು ಮಾಡಿಸಿತು. ಅದನ್ನು ನೋಡಿ ಗುಬ್ಬಿಯ ಒಬ್ಬರು ಮಾಡಿಸಿದರು. ಆಗೆಲ್ಲ ಕನ್ನಡ ಅಕ್ಷರ ಎಲ್ಲರ ಕಂಪ್ಯೂಟರಿನಲ್ಲೂ ಸರಿಯಾಗಿ ಮೂಡುತ್ತಿರಲಿಲ್ಲ, ಚೌಕ ಚೌಕ ಡಬ್ಬಿ ಬರುತ್ತಿತ್ತು. ಅದಕ್ಕೇ ನಾನು ಕನ್ನಡದ ಮ್ಯಾಟರನ್ನು ಒಂದು ಚಿತ್ರದ ಹಾಗೆ ಮಾಡಿ ಅಂಟಿಸುತ್ತಿದ್ದೆ. ಒಂದು ಸಲ ಮಾಡಿಟ್ಟರೆ ಮುಗಿಯಿತು, ಮೇಲಿನ ಹೆಸರೊಂದು ಬದಲಾಯಿಸಿದರೆ ಸಾಕು.

ಆ ಮ್ಯಾಟರ್ ನನಗೆ ಈಗಲೂ ಬಾಯಿಪಾಠ. "ರುಚಿಗೆ ರುಚಿ, ಶುಚಿಗೆ ಶುಚಿ. ನುರಿತ ಪಾಕಪ್ರವೀಣರು ತಯಾರಿಸಿದ ಸ್ವಾದಿಷ್ಟ ಖಾದ್ಯಗಳು. ಆಹ್ಲಾದಕರ ವಾತಾವರಣ. ಗ್ರಾಹಕರ ಸಂತೃಪ್ತಿಯೇ ನಮ್ಮ ಧ್ಯೇಯ. ಒಮ್ಮೆ ಬನ್ನಿ, ಮತ್ತೆ ಮತ್ತೆ ಬರುವಿರಿ." ಪಕ್ಕದಲ್ಲಿ ಬಾಳೆಲೆ ಊಟದ ಒಂದು ಫೋಟೋ. ಅದು ಬೆಂಗಳೂರಿನಿಂದ ತಂದ ಸಿ.ಡಿ.ಯಲ್ಲಿ ಸಿಕ್ಕಿದ್ದು, ಯಾವ ಊರಿನ ಯಾರು ಬಡಿಸಿದ ಎಲೆಯೋ ದೇವರಿಗೇ ಗೊತ್ತು. ಬರೆದ ದಿನ ನನಗೆ ನಾನೇ ಭಲೇ ಎಂದುಕೊಂಡಿದ್ದೆ. ಪಾಕಪ್ರವೀಣರು ಅಂತೆ! ಈಗ ನೆನೆದರೆ ಮೈ ಉರಿಯುತ್ತದೆ.

ಮೂರನೆಯ ವೆಬ್‌ಸೈಟು ನನ್ನ ಅತ್ತೆಯದು. ಅತ್ತೆ ಎಂದರೆ ನನ್ನ ಸೋದರಮಾವನ ಹೆಂಡತಿ. ಮಾವ ತೀರಿಕೊಂಡ ಮೇಲೆ ಕುಣಿಗಲ್ಲಿನಲ್ಲಿ ಮುದ್ದೆ ಊಟದ ಹೋಟೆಲನ್ನು ಒಬ್ಬಳೇ ನಡೆಸಿಕೊಂಡು ಬಂದವಳು. ಹೈಸ್ಕೂಲಿನ ಮೂರು ವರ್ಷ ನಾನು ಅವಳ ಮನೆಯಲ್ಲೇ ಇದ್ದು ಓದಿದೆ. ಆ ಹೋಟೆಲಿನ ಸಾರು ಉಂಡು ಬೆಳೆದ ಮೈ ಇದು. ದುಡ್ಡು ಕೇಳದೆ, ಅವಳನ್ನೂ ಏನೂ ಕೇಳದೆ, ಒಂದು ಮಧ್ಯಾಹ್ನ ಕೂತು ವೆಬ್‌ಸೈಟು ಮಾಡಿ ಮುಗಿಸಿದೆ. ಅದೇ ಮ್ಯಾಟರು, ಅದೇ ಬಾಳೆಲೆ. ಅತ್ತೆಗೆ ಓದು ಬರುತ್ತಿರಲಿಲ್ಲ. ಅವಳ ಹತ್ತಿರ ಫೋನೂ ಇರಲಿಲ್ಲವಾದ್ದರಿಂದ ಕೆಳಗೆ ನನ್ನ ಮೊಬೈಲ್ ನಂಬರನ್ನೇ ಹಾಕಿದೆ. ಮೂರು ವರ್ಷದಲ್ಲಿ ಆ ಹೋಟೆಲನ್ನು ಕೇಳಿಕೊಂಡು ಒಂದೇ ಒಂದು ಕರೆಯೂ ಬರಲಿಲ್ಲ. ಬರಲಿಲ್ಲ ಎಂಬುದು ನನ್ನ ಗಮನಕ್ಕೂ ಬಂದಿರಲಿಲ್ಲ.

ಅಷ್ಟರಲ್ಲಿ ಹೊಸ ರಸ್ತೆ ಊರ ಹೊರಗಿನಿಂದ ಹಾದುಹೋಯಿತು. ಅತ್ತೆಯ ಹೋಟೆಲಿದ್ದದ್ದು ಹಳೇ ರಸ್ತೆಯಲ್ಲಿ. ಲಾರಿಗಳು, ಹಾಸನದ ಕಡೆಯ ಕಾರುಗಳು, ದೂರದ ಬಸ್ಸುಗಳು ಎಲ್ಲ ಆ ಕಡೆ ತಿರುಗಿಕೊಂಡವು. ಮಧ್ಯಾಹ್ನ ಆರೂ ಬೆಂಚು ತುಂಬಿ, ಉಂಡವರು ಏಳಲಿ ಎಂದು ಬಾಗಿಲಲ್ಲಿ ಜನ ಕಾಯುತ್ತಿದ್ದ ಜಾಗದಲ್ಲಿ ಹತ್ತು ಹನ್ನೆರಡು ಮಂದಿ ಊರವರು ಉಳಿದರು. ಕೆಲಸಕ್ಕಿದ್ದ ಇಬ್ಬರು ಹೆಂಗಸರಿಗೆ ಹಬ್ಬದ ತನಕ ನೋಡೋಣ ಎಂದು ಅತ್ತೆ ಹೇಳಿದ್ದಳಂತೆ.

ಆಗಲೇ ತುಮಕೂರಿನ ಹೊರಗೆ, ಕುಣಿಗಲ್ ರಸ್ತೆಯ ಕಡೆ, ಹೊಸದೊಂದು ಫ್ಯಾಕ್ಟರಿ ತೆರೆಯುವ ಸುದ್ದಿ ಬಂದದ್ದು. ಒಳಗೇ ಅಡುಗೆಮನೆ ಕಟ್ಟಿಸಿದ್ದಾರೆ, ಕ್ಯಾಂಟೀನ್ ನಡೆಸಲು ಅನುಭವ ಇರುವ ಹೋಟೆಲಿನವರು ಬೇಕು, ವೆಬ್‌ಸೈಟಿದ್ದರೆ ಅದರ ವಿಳಾಸವನ್ನೂ ಅರ್ಜಿಯಲ್ಲಿ ಬರೆಯಿರಿ ಎಂದು ಪ್ರಕಟಣೆ ಕೊಟ್ಟರು. ನಾನೇ ಕೂತು ಅತ್ತೆಯ ಅರ್ಜಿ ತುಂಬಿದೆ. "ಇದೊಂದ್ ಸಿಕ್ಬುಟ್ರೆ ಒಲೆ ಆರ್ಸೋ ಹಂಗಿಲ್ಲ ಕಣೇ. ಇಲ್ದಿದ್ರೆ ಬಾಗ್ಲು ಹಾಕೋದೇಯ," ಎಂದು ಅತ್ತೆ ಹೆಬ್ಬೆಟ್ಟಿಗೆ ಮಸಿ ಹಚ್ಚಿಕೊಂಡಳು. ವೆಬ್‌ಸೈಟ್ ಕೇಳಿದ್ದಾರಲ್ಲ, ನಮ್ಮದು ಇದೆಯಲ್ಲ ಎಂದು ನಾನು ಒಳಗೊಳಗೇ ಬೀಗಿದೆ.

ಎರಡು ವಾರದ ಮೇಲೆ ಫ್ಯಾಕ್ಟರಿಯ ಆಫೀಸರು ಫೋನ್ ಮಾಡಿದರು. ಆದರೆ ಅತ್ತೆಯನ್ನು ಕೇಳಲಿಲ್ಲ. "ಈ ವೆಬ್‌ಸೈಟ್ ಮಾಡಿದೋರು ನೀವೇನಾ? ನಾಳೆ ಹನ್ನೊಂದಕ್ಕೆ ಬನ್ನಿ. ಆ ಕುಣಿಗಲ್ ಹೆಂಗಸನ್ನೂ ಕರ್ಕೊಂಡ್ ಬನ್ನಿ," ಎಂದು ಇಟ್ಟುಬಿಟ್ಟರು. ದನಿಯಲ್ಲಿ ಎಳ್ಳಷ್ಟೂ ಮರ್ಯಾದೆ ಇರಲಿಲ್ಲ.

ಹೋದರೆ ಅಲ್ಲಿ ಮೊದಲೇ ಇಬ್ಬರು ಕೂತಿದ್ದಾರೆ. ತುಮಕೂರಿನ ದೊಡ್ಡ ಹೋಟೆಲಿನ ಮ್ಯಾನೇಜರು, ಗುಬ್ಬಿ ಹೋಟೆಲಿನ ಮಾಲೀಕರು. ಈ ಮೂವರೂ ಒಂದೇ ಕೆಲಸಕ್ಕೆ ಅರ್ಜಿ ಹಾಕಿಯಾರು ಎಂದು ನನಗೆ ಹೊಳೆದೇ ಇರಲಿಲ್ಲ. ಆಫೀಸರು ಬೆಂಗಳೂರಿನವರು, ಐವತ್ತರ ಮೇಲಿನ ವಯಸ್ಸು. ಮೂರು ಹಾಳೆ ತೆಗೆದು ಮೇಜಿನ ಮೇಲೆ ಪಕ್ಕ ಪಕ್ಕ ಇಟ್ಟರು. ಮೂರೂ ವೆಬ್‌ಸೈಟುಗಳ ಪ್ರಿಂಟು. ಮೇಲಿನ ಹೆಸರಿಗೆ ಬೆರಳು ಅಡ್ಡ ಇಟ್ಟರೆ ಯಾವುದು ಯಾರದೆಂದು ನನಗೇ ತಿಳಿಯುತ್ತಿರಲಿಲ್ಲ.

"ಮೂರು ಅರ್ಜಿ, ಮೂರು ಊರು. ಒಳಗಿರೋದು ಒಂದೇ," ಎಂದರು ಆಫೀಸರು. "ನಾನು ಈ ಆಟ ಹಿಂದಿನ ಕಂಪನಿಯಲ್ಲೇ ನೋಡಿದೀನಿ. ಒಬ್ಬನೇ ಮೂರು ಹೆಸರಲ್ಲಿ ಕೊಟೇಶನ್ ಹಾಕೋದು. ಯಾವುದು ಒಪ್ಪಿದ್ರೂ ಕೆಲಸ ಅವನಿಗೇ ಹೋಗ್ಬೇಕು. ನಿಮ್ಮಲ್ಲಿ ಅಸಲಿ ಯಾರು? ಹೇಳ್ಬಿಡಿ, ಇಲ್ಲಾಂದ್ರೆ ಮೂರನ್ನೂ ಹರಿದು ಹಾಕ್ತೀನಿ."

ಗುಬ್ಬಿಯವರು ಕುರ್ಚಿಯಿಂದ ಎದ್ದೇಬಿಟ್ಟರು. "ಏನ್ ಸಾರ್ ಇಂಗಂತೀರಾ? ನಲವತ್ತು ವರ್ಷದಿಂದ ಗುಬ್ಬೀಲಿ ಹೋಟ್ಲು ಮಡಗಿದೀವಿ. ಈಯಮ್ಮ ಯಾರು ಅಂತ ನಂಗೆ ಗೊತ್ತೇ ಇಲ್ಲ!" ಎಂದು ಅತ್ತೆಯ ಕಡೆ ಕೈ ತೋರಿಸಿದರು. ಮ್ಯಾನೇಜರು ನನ್ನ ಕಡೆ ನೋಡಿ ಹಲ್ಲು ಕಡಿದರು. ಅತ್ತೆ ಒಬ್ಬಳೇ ಏನೂ ಅರ್ಥವಾಗದೆ ಸೆರಗು ಹೊದ್ದು ಕೂತಿದ್ದಳು. ಕಾಗದದಲ್ಲಿ ಏನಿದೆಯೆಂದು ಅವಳಿಗೆ ಗೊತ್ತಿಲ್ಲವಲ್ಲ.

ಆಫೀಸರು ಅವಳತ್ತ ತಿರುಗಿದರು. "ಏನಮ್ಮ, ನೀವು ಹೇಳಿ, ಇದೇನು?" ಎಂದು ಒಂದು ಹಾಳೆ ಎತ್ತಿಕೊಂಡು ಗಟ್ಟಿಯಾಗಿ ಓದಿದರು. ರುಚಿಗೆ ರುಚಿ, ಶುಚಿಗೆ ಶುಚಿಯಿಂದ ಹಿಡಿದು ಮತ್ತೆ ಮತ್ತೆ ಬರುವಿರಿಯ ತನಕ, ಒಂದಕ್ಷರ ಬಿಡಲಿಲ್ಲ. ಅತ್ತೆ ತಲೆ ಓರೆ ಮಾಡಿ ಶ್ರದ್ಧೆಯಿಂದ ಕೇಳಿದಳು. ಮುಗಿದ ಮೇಲೆ, "ಚೆನ್ನಾಗೈತೆ ಸಾಮಿ. ಯಾವೂರ್ ಹೋಟ್ಲು ಇದು?" ಎಂದಳು.

ಯಾರೂ ನಗಲಿಲ್ಲ. ನಕ್ಕಿದ್ದರೆ ಎಷ್ಟೋ ವಾಸಿಯಿತ್ತು.

"ಇದು ನಿಮ್ಮದೇ," ಎಂದರು ಆಫೀಸರು.

"ನಮ್ದಾ? ನಮ್ದು ಇಂಗಿಲ್ವಲ್ಲ," ಎಂದು ಅತ್ತೆ ಹಾಳೆಯ ಮೇಲಿನ ಫೋಟೋಗೆ ಬಾಗಿದಳು. "ಬಾಳೆಲೆ ನಾವೆಲ್ಲಿ ಹಾಕ್ತೀವಿ? ನಮ್ದು ಸ್ಟೀಲ್ ತಟ್ಟೆ." ಆಮೇಲೆ ನನ್ನ ಮುಖ ನೋಡಿದಳು. ಅವಳಿಗೆ ಆಗ ತಿಳಿಯಿತು ಎಂದು ನನಗೆ ಗೊತ್ತಾಯಿತು.

ಆಫೀಸರ ಅನುಮಾನ ಇನ್ನೂ ಗಟ್ಟಿಯಾಯಿತು. ತನ್ನ ಹೋಟೆಲಿನ ವೆಬ್‌ಸೈಟನ್ನೇ ಗುರುತಿಸದವಳು ಬೇನಾಮಿಯಲ್ಲದೆ ಇನ್ನೇನು? ಹಾಳೆಗಳನ್ನು ಒಟ್ಟುಮಾಡಿ ಎತ್ತಿಕೊಂಡರು. ನಾನು ಏನು ಮಾತಾಡಿದೆ ಎಂದು ಪೂರಾ ನೆನಪಿಲ್ಲ. "ತಪ್ಪು ನಂದು ಸರ್, ಇವ್ರದ್ದಲ್ಲ. ಮೂವರಿಗೂ ಒಂದೇ ಮ್ಯಾಟರ್ ಹಾಕ್ಬಿಟ್ಟೆ. ಹೆಸರು ಮಾತ್ರ ಬದ್ಲಾಯಿಸ್ದೆ," ಎಂದದ್ದು ನೆನಪಿದೆ. ಎರಡು ಮೂರು ಸಲ ಹೇಳಿದೆ ಅನಿಸುತ್ತದೆ.

"ಯಾಕೆ?" ಎಂದರು. ಅಷ್ಟೇ. ಲಗ್ನಪತ್ರಿಕೆಯ ಅಭ್ಯಾಸ ಎಂದೆ. ಅವರಿಗೆ ಅದೇನು ಅರ್ಥವಾಯಿತೋ ಕಾಣೆ. ಕನ್ನಡಕ ತೆಗೆದು ಒರೆಸಿಕೊಂಡು, "ಸೋಮವಾರದವರೆಗೆ ಟೈಮ್ ಕೊಡ್ತೀನಿ. ಮೂರು ಹೋಟೆಲ್ ಬೇರೆ ಬೇರೆ ಅಂತ ಓದಿದ್ರೆ ನನಗೆ ಗೊತ್ತಾಗ್ಬೇಕು. ಇಲ್ಲಾಂದ್ರೆ ಮೂವರನ್ನೂ ಬಿಟ್ಟು ಬೇರೆಯವರನ್ನ ನೋಡ್ತೀನಿ," ಎಂದರು. ಅಂದು ಗುರುವಾರ.

ಹೊರಗೆ ಬಂದ ಮೇಲೆ ಮ್ಯಾನೇಜರು ನನಗೆ ಮಾಡಿದ ಮಂಗಳಾರತಿಯನ್ನು ಇಲ್ಲಿ ಬರೆಯುವಂತಿಲ್ಲ. ಗುಬ್ಬಿಯವರು ಬೈಯಲಿಲ್ಲ, "ನಾಳೆ ಬೆಳಿಗ್ಗೆ ಏಳಕ್ಕೆ ಬಾರವ್ವ ನಮ್ಮ ಹೋಟ್ಲಿಗೆ. ಒಂದ್ಸಲ ಕಣ್ಣಿಂದ ನೋಡು," ಎಂದು ಬಸ್ಸು ಹತ್ತಿದರು. ನಾನು ಅತ್ತೆಯ ಜೊತೆ ಕುಣಿಗಲ್ ಬಸ್ಸಿನಲ್ಲಿ ಕೂತೆ. ಬೈಯಲಿ, ಎರಡೇಟು ಹಾಕಲಿ ಎಂದು ನಾನು ಕಾಯುತ್ತಿದ್ದೆ. ಅರ್ಧ ದಾರಿಯಲ್ಲಿ ಅವಳು ಮೆಲ್ಲಗೆ ಕೇಳಿದಳು.

"ಮೂರ್ ವರ್ಷ ನನ್ ಒಲೆ ಮುಂದೇನೇ ಕೂತು ಉಂಡವ್ಳು ನೀನು. ನಮ್ಮಲ್ಲಿ ಏನೈತೆ ಅಂತ ನಿಂಗೂ ಗೊತ್ತಾಗ್ಲಿಲ್ವೇನೇ?"



ಗೊತ್ತಿರಲಿಲ್ಲ ಎಂದಲ್ಲ. ಗೊತ್ತಿತ್ತು, ನಾಚಿಕೆಯಿತ್ತು. ಅತ್ತೆಯ ಹೋಟೆಲಿನಲ್ಲಿ ಒಂದು ಪದ್ಧತಿ. ಗಿರಾಕಿ ಬಂದು ಬೆಂಚಿನ ಮೇಲೆ ಕೂತ ಕೂಡಲೇ ಒಲೆಯ ಹತ್ತಿರದಿಂದಲೇ ಕೂಗಿ ಕೇಳುತ್ತಿದ್ದಳು, "ಬೆಳಿಗ್ಗೆಯಿಂದ ಏನ್ ಕೆಲ್ಸ ಮಾಡ್ದಪ್ಪಾ?" ತೆಂಗಿನಕಾಯಿ ಕೆಡವಿ ಬಂದವನಿಗೆ ಎರಡು ಕೈ ತುಂಬುವ ಮುದ್ದೆ. ಬಸ್ ಓಡಿಸಿ ಬಂದವನಿಗೆ ಅದಕ್ಕಿಂತ ಸ್ವಲ್ಪ ಕಡಿಮೆ. ತಾಲ್ಲೂಕು ಕಚೇರಿಯಲ್ಲಿ ಫೈಲು ತಿರುವಿ ಬಂದವನಿಗೆ ಚಿಕ್ಕದು. ಜ್ವರ ಬಿಟ್ಟು ಎದ್ದವನಿಗೆ ಮುದ್ದೆಯೇ ಇಲ್ಲ, ಗಂಜಿ. ದುಡ್ಡು ಮಾತ್ರ ಎಲ್ಲರಿಗೂ ಒಂದೇ. ಇನ್ನೂ ಬೇಕೆಂದವರಿಗೆ ಇಲ್ಲವೆನ್ನುತ್ತಿರಲಿಲ್ಲ, ಆದರೆ ತಟ್ಟೆಯಲ್ಲಿ ಬಿಟ್ಟು ಎದ್ದರೆ ಬಾಗಿಲ ತನಕ ಬೈಗುಳ ಹಿಂದೆ ಬರುತ್ತಿತ್ತು. ಶಾಲೆಯಲ್ಲಿ ಗೆಳತಿಯರು ನನ್ನನ್ನು ಕಿಚಾಯಿಸುತ್ತಿದ್ದರು. "ನಿಮ್ಮತ್ತೆ ಹೋಟ್ಲಲ್ಲಿ ಊಟಕ್ ಮುಂಚೆ ಹಾಜರಿ ತಗೋತಾರಂತೆ ಕಣೇ!" ನನಗೋ ಭೂಮಿ ಬಾಯಿ ಬಿಡಬಾರದೇ ಅನ್ನಿಸುತ್ತಿತ್ತು. ಪಾಕಪ್ರವೀಣರು ಎಂದು ಬರೆಯುವಾಗ ನನಗೆ ಅತ್ತೆಯ ಆ ಕೂಗು ಕೇಳಿಸದೆ ಇರಲಿಲ್ಲ. ಅದರ ಮೇಲೆ ಪದ ಹೊದಿಸಿ ಮುಚ್ಚಿದೆ.

ಶುಕ್ರವಾರ ಗುಬ್ಬಿಗೆ ಹೋದೆ. ಅಲ್ಲಿನ ಮಾಲೀಕರದು ಇನ್ನೊಂದು ಬಗೆ. ಗಿರಾಕಿಗಳಿಗೆ ಕೊಡುವ ಮೊದಲು ತಾವೇ ಮುಂದಿನ ಮೇಜಿಗೆ ಬಂದು ಕೂತು, ಅಂದಿನ ತಿಂಡಿಯ ಮೊದಲ ತಟ್ಟೆಯನ್ನು ಎಲ್ಲರ ಎದುರಿಗೆ ತಿನ್ನುತ್ತಾರೆ. ಮಧ್ಯಾಹ್ನದ ಊಟಕ್ಕೂ ಹಾಗೆಯೇ. ಅಂದು ಪಲ್ಯ ಬಾಯಿಗಿಟ್ಟವರೇ "ಇದ್ನ ಕೊಡಂಗಿಲ್ಲ, ತೆಗಿರಿ" ಎಂದರು. ಪಲ್ಯವಿಲ್ಲದೆಯೇ ಅಂದಿನ ಊಟ ನಡೆಯಿತು. ನಾನು ನೋಡಿದ್ದನ್ನು ನೋಡಿದ ಹಾಗೆ ಬರೆದೆ. ತುಮಕೂರಿನ ಮ್ಯಾನೇಜರು ಮಾತ್ರ ನನ್ನನ್ನು ಒಳಗೆ ಸೇರಿಸಲಿಲ್ಲ, ಬೆಂಗಳೂರಿನಲ್ಲಿ ಬೇರೆಯವರ ಹತ್ತಿರ ಬರೆಸಿಕೊಳ್ಳುತ್ತೇವೆ ಎಂದರು. ಸರಿ ಎಂದೆ.

ಶನಿವಾರ ಬೆಳಗ್ಗೆಯೇ ಕುಣಿಗಲ್ಲಿಗೆ ಹೋಗಿ ಅತ್ತೆಯ ಹೋಟೆಲಿನ ಮೂಲೆಯ ಬೆಂಚಿನಲ್ಲಿ ನೋಟ್‌ಬುಕ್ ಹಿಡಿದು ಕೂತೆ. ಹನ್ನೆರಡಕ್ಕೆ ಊಟ ಶುರುವಾಯಿತು. ಬಂದವರು ಹದಿಮೂರು ಮಂದಿ. ಎಷ್ಟೋ ಬೆಂಚು ಖಾಲಿ. ಆದರೂ ಅತ್ತೆ ಪ್ರತಿಯೊಬ್ಬನನ್ನೂ ಕೇಳಿದಳು. ಒಬ್ಬರು ಮುದುಕರು, "ಏನೂ ಮಾಡ್ಲಿಲ್ಲ ಕಣವ್ವ, ಸುಮ್ಕೆ ಕಟ್ಟೆ ಮೇಲೆ ಕೂತಿದ್ದೆ," ಎಂದರು. "ನಿಜ ಹೇಳ್ದೆಯಲ್ಲ, ಅದುಕ್ಕೊಂದ್ ತುತ್ತು ಜಾಸ್ತಿ," ಎಂದು ಒದ್ದೆ ಹಲಗೆಯ ಮೇಲೆ ಮುದ್ದೆ ಉರುಳಿಸಿ ಕಟ್ಟಿದಳು. ಸೌದೆ ಒಡೆದು ಬಂದ ಇನ್ನೊಬ್ಬನ ಅಂಗೈ ಬೊಬ್ಬೆ ನೋಡಿ, ಸಾರಿನ ಮೇಲೆ ಒಂದು ಮಿಳ್ಳೆ ತುಪ್ಪ ಬಿಟ್ಟಳು.

ಮೂರು ಗಂಟೆಗೆ ಬರೆದದ್ದನ್ನು ಓದಿ ಹೇಳಿದೆ. ಅತ್ತೆ ಕೈ ತೊಳೆಯುತ್ತಿದ್ದವಳು ತಿರುಗಿ ನಿಂತಳು.

"ಅಯ್ಯೋ, ಇದ್ನೆಲ್ಲ ಯಾಕ್ ಬರ್ದೆ? ತೆಗೀ ತೆಗೀ."

"ಇದೇ ಅಲ್ವಾ ಅತ್ತೆ ನಮ್ಮ ಹೋಟ್ಲು?"

"ನಮ್ ಹೋಟ್ಲು ನಮ್ಗೆ. ಆಫೀಸ್ನೋರ್ ಮುಂದೆ ನಗೆಪಾಟ್ಲು ಮಾಡ್ತೀಯಾ? ಒಬ್ಬನ್ಗೆ ದೊಡ್ದು ಒಬ್ಬನ್ಗೆ ಚಿಕ್ದು ಕೊಡ್ತಾಳೆ ಈಯಮ್ಮ ಅಂತ ಓದುದ್ರೆ ಕೆಲ್ಸ ಕೊಟ್ಟಾರಾ? ಎಲ್ರಂಗೇ ಬರಿ ಕಣೇ. ಒಸಿ ಬೇರೆ ಪದ ಹಾಕಿ ಬರಿ ಅಷ್ಟೇಯ."

ನನ್ನ ಕೋಪ ನೆತ್ತಿಗೇರಿತು. ಬಸ್ಸಿನಲ್ಲಿ ಕರುಳು ಹಿಂಡುವ ಹಾಗೆ ಕೇಳಿದವಳೂ ಇವಳೇ, ಈಗ ಎಲ್ಲರಂತೆ ಬರೆ ಎನ್ನುವವಳೂ ಇವಳೇ. "ಎಲ್ರಂಗೆ ಬರ್ದೇ ಅಲ್ವಾ ನೀನು ನಿನ್ನ ಹೋಟ್ಲೇ ಗುರುತು ಹಿಡೀದೆ ಕೂತಿದ್ದು!" ಎಂದು ಕಿರುಚಿದೆ. ಕೆಲಸದ ಹೆಂಗಸರು ಪಾತ್ರೆ ತಿಕ್ಕುವುದನ್ನು ನಿಲ್ಲಿಸಿ ನೋಡಿದರು. ಅತ್ತೆಯೂ ಸುಮ್ಮನಿರಲಿಲ್ಲ. "ಕಿರುಚ್ಬೇಡ. ನಿಂಗೇನು, ಬರ್ದು ಓಯ್ತೀಯ. ಬಾಗ್ಲು ಹಾಕ್ಬೇಕಾದೋಳು ನಾನು," ಎಂದಳು. ಅವಳ ಭಯವೂ ಸುಳ್ಳಲ್ಲ ಎಂದು ನನಗೆ ಆಗಲೂ ಒಳಗೆ ಗೊತ್ತಿತ್ತು. ಬೇರೆಯಾಗಿ ಕಾಣಿಸಿಕೊಂಡು ಹೊಡೆತ ತಿನ್ನುವುದಕ್ಕಿಂತ ಎಲ್ಲರ ನಡುವೆ ಅಡಗಿಕೊಂಡಿರುವುದು ಬಡವರಿಗೆ ಕ್ಷೇಮ. ಆದರೆ ಅಡಗಿಕೊಂಡು ಮೂರು ವರ್ಷದಲ್ಲಿ ಗಳಿಸಿದ್ದಾದರೂ ಏನು? ಹಳೇ ರಸ್ತೆಗೆ ಒಂದು ಕಾರನ್ನಾದರೂ ತಿರುಗಿಸಿತೇ ಆ ಮ್ಯಾಟರು?

ಕೊನೆಗೆ ಅತ್ತೆ ಬೆನ್ನು ತಿರುಗಿಸಿ ಒಲೆ ಹತ್ತಿರ ಹೋಗಿ ಕೂತಳು. ಮತ್ತೆ ಮಾತಾಡಲಿಲ್ಲ. ಸುಮ್ಮನಿದ್ದರೆ ಒಪ್ಪಿದ ಹಾಗೆ ಎಂದು ನಾನೇ ತೀರ್ಮಾನಿಸಿಕೊಂಡೆ.

ಭಾನುವಾರ ಅಂಗಡಿಯಲ್ಲಿ ಕೂತು ಹಾಕಿದ ಬರಹ ಇದು. "ಇಲ್ಲಿ ಆರು ಬೆಂಚು, ಸ್ಟೀಲ್ ತಟ್ಟೆ. ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಮುದ್ದೆ ಊಟ. ಸೋಮವಾರ ಹುರುಳಿಕಾಳಿನ ಬಸ್ಸಾರು, ಗುರುವಾರ ಉಪ್ಸಾರು. ನೀವು ಕೂತ ಕೂಡಲೇ ಅಡುಗೆಯಮ್ಮ ಬೆಳಿಗ್ಗೆಯಿಂದ ಏನು ಕೆಲಸ ಮಾಡಿದಿರಿ ಎಂದು ಕೇಳುತ್ತಾರೆ. ನಿಜ ಹೇಳಿ. ಕೆಲಸ ನೋಡಿ ಮುದ್ದೆ ಕಟ್ಟುತ್ತಾರೆ. ದುಡ್ಡು ಎಲ್ಲರಿಗೂ ಒಂದೇ. ಹೊಸ ರಸ್ತೆಯಿಂದ ಊರೊಳಗೆ ತಿರುಗಿ, ಹಳೇ ರಸ್ತೆಯಲ್ಲಿ ಎಡಕ್ಕೆ." ಬಾಳೆಲೆಯ ಫೋಟೋ ತೆಗೆದು, ಶನಿವಾರ ಮಧ್ಯಾಹ್ನ ತೆಗೆದ, ಅತ್ತೆಯ ಕೈಯಲ್ಲಿ ಮುದ್ದೆ ಇರುವ ಫೋಟೋ ಹಾಕಿದೆ. ಮುಖ ಬೇಡವೆಂದಿದ್ದಳು, ಹಾಗಾಗಿ ಕೈ ಮಾತ್ರ.

ಸೋಮವಾರ ಹೋಯಿತು, ಮಂಗಳವಾರ ಹೋಯಿತು. ಮೊಬೈಲನ್ನು ಬಚ್ಚಲಿಗೂ ಒಯ್ಯುತ್ತಿದ್ದೆ. ಮನೆಯವರು ಮಾತಾಡಿಸಿದರೆ ರೇಗುತ್ತಿದ್ದೆ. ಬುಧವಾರ ಮಧ್ಯಾಹ್ನ ಆಫೀಸರು ಫೋನ್ ಮಾಡಿದರು. ಈ ಸಲ ದನಿ ಮೆತ್ತಗಿತ್ತು. ಆಗಲೇ ನನಗೆ ಅರ್ಥವಾಯಿತು.

"ಮೇಡಂ, ಓದಿ ಬಾಯಲ್ಲಿ ನೀರೂರ್ತು. ನಿಜ ಹೇಳ್ಬೇಕಂದ್ರೆ ಮನೇಲಿ ಹೆಂಡತಿಗೂ ಓದಿ ಹೇಳ್ದೆ. ಅನುಮಾನ ಪಟ್ಟಿದ್ದಕ್ಕೆ ಆ ಅಮ್ಮನಿಗೆ ಕ್ಷಮೆ ಕೇಳಿದೆ ಅಂತ ಹೇಳಿ. ಆದ್ರೆ ನಮ್ಮಲ್ಲಿ ಆಗಲ್ಲ. ಒಬ್ಬನ ತಟ್ಟೆಗೆ ದೊಡ್ಡದು, ಪಕ್ಕದವನ ತಟ್ಟೆಗೆ ಚಿಕ್ಕದು ಬಿದ್ರೆ ಯೂನಿಯನ್‌ನೋರು ನನ್ನ ಬಿಡ್ತಾರಾ? ಗುಬ್ಬಿಯವರಿಗೆ ಕೊಡ್ತಾ ಇದೀವಿ. ಮಾಲೀಕನೇ ಮೊದಲು ತಿಂತಾನೆ ಅಂತ ಬರ್ದಿದೀರಲ್ಲ, ನಮಗೆ ಅಂಥವರೇ ಬೇಕು."

ಅದನ್ನು ಬರೆದವಳೂ ನಾನೇ. ಗುಬ್ಬಿಯವರು ಸಂಜೆ ಫೋನ್ ಮಾಡಿ, "ನಿನ್ ಕೈ ಬಂಗಾರ ಕಣವ್ವ," ಎಂದಾಗ ಸಂತೋಷಪಡಬೇಕೋ ಹಣೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ.

ಅತ್ತೆಗೆ ಪಕ್ಕದ ಅಂಗಡಿಯವರ ಫೋನಿಗೆ ಮಾಡಿ ಹೇಳಿಸುವ ಧೈರ್ಯ ಬರಲಿಲ್ಲ. ಮಾರನೆಯ ದಿನ ಖುದ್ದಾಗಿ ಹೋದೆ. ಗುರುವಾರ, ಉಪ್ಸಾರಿನ ವಾಸನೆ ಬೀದಿಯ ತುದಿಗೇ ಬರುತ್ತಿತ್ತು. ಬಾಗಿಲಲ್ಲಿ ನಿಂತ ನನ್ನ ಮುಖ ನೋಡಿದ ಕೂಡಲೇ ಅವಳಿಗೆ ಗೊತ್ತಾಯಿತು.

"ಸಿಕ್ಲಿಲ್ಲ ಅನ್ನು."

"ಇಲ್ಲ ಅತ್ತೆ. ಮುದ್ದೆ ಅಳತೆ ಒಂದೇ ಇರ್ಬೇಕಂತೆ."

"ಬರೀಬೇಡ ಅಂದಿದ್ದೆ," ಎಂದಳು. ಅಷ್ಟೇ. ಕೂಗಾಡಲಿಲ್ಲ, ಅಳಲಿಲ್ಲ. ತಟ್ಟೆ ತೊಳೆದು ನನಗೆ ಊಟಕ್ಕಿಟ್ಟಳು. ಎಲ್ಲರನ್ನೂ ಕೇಳುವ ಆ ಪ್ರಶ್ನೆಯನ್ನು ಅವತ್ತು ನನಗೆ ಕೇಳಲಿಲ್ಲ. ನನ್ನನ್ನು ಕೊಂದುಬಿಟ್ಟಿದ್ದರೂ ಅಷ್ಟು ನೋಯುತ್ತಿರಲಿಲ್ಲ.

ಹಬ್ಬ ಮುಗಿದ ವಾರವೇ ಹೋಟೆಲಿನ ಬಾಗಿಲು ಹಾಕಿದಳು. ದೊಡ್ಡ ಪಾತ್ರೆಗಳನ್ನು ಛತ್ರದವರು ಕೊಂಡುಕೊಂಡರು. ಅತ್ತೆ ಕ್ಯಾತ್ಸಂದ್ರದ ಹತ್ತಿರ ಒಂದು ಖಾಸಗಿ ಹಾಸ್ಟೆಲಿನ ಅಡುಗೆಮನೆಗೆ ಕೆಲಸಕ್ಕೆ ಸೇರಿದಳು. ಅಲ್ಲಿ ಮುದ್ದೆಗೆ ಅಳತೆಯ ಬಟ್ಟಲಿತ್ತು, ಎಲ್ಲರಿಗೂ ಒಂದೇ. ಹೇಗಿದೆ ಕೆಲಸ ಎಂದು ಕೇಳಿದರೆ, "ಒಳ್ಳೇದು ಕಣೇ. ಯಾರ್ನೂ ಏನೂ ಕೇಳಂಗಿಲ್ಲ," ಎನ್ನುತ್ತಿದ್ದಳು.

ವೆಬ್‌ಸೈಟನ್ನು ನಾನು ತೆಗೆಯಲಿಲ್ಲ. ತೆಗೆಯಬೇಕು ಎಂದು ಕಂಪ್ಯೂಟರಿನ ಮುಂದೆ ಕೂತಾಗೆಲ್ಲ ಆ ಕೈಯ ಫೋಟೋ ಬರುತ್ತಿತ್ತು, ನಾಳೆ ತೆಗೆದರಾಯಿತು ಎಂದು ಏಳುತ್ತಿದ್ದೆ. ಅಷ್ಟರಲ್ಲಿ ಬೆಂಗಳೂರಿನ ಯಾವುದೋ ಆಫೀಸಿನವರು ಆ ಪುಟವನ್ನು ಒಬ್ಬರಿಂದ ಒಬ್ಬರಿಗೆ ಇ-ಮೇಲಿನಲ್ಲಿ ಕಳಿಸಿಕೊಂಡಿದ್ದರಂತೆ. ಇದು ನನಗೆ ಗೊತ್ತಾದದ್ದು ಆಮೇಲೆ, ಫೋನ್ ಬಂದ ಮೇಲೆ.

ಅದು ಒಂದು ಭಾನುವಾರ, ಹನ್ನೆರಡೂವರೆ ಗಂಟೆ. ನಾನು ಮನೆಯಲ್ಲಿ ಅಕ್ಕಿ ತೊಳೆಯುತ್ತಿದ್ದೆ. ಗುರುತಿಲ್ಲದ ನಂಬರು. "ನಮಸ್ಕಾರ, ಮುದ್ದೆ ಹೋಟೆಲಾ? ನಾವು ಹೊಸ ರಸ್ತೆಯಲ್ಲಿ ಕುಣಿಗಲ್ ಹತ್ರ ಬಂದ್ವಿ. ಊರೊಳಗೆ ಇಲ್ಲೇ ತಿರುಗ್ಬೇಕಾ?" ಎಂದರು ಒಬ್ಬರು. ಕಾರಿನೊಳಗೆ ನಗು ಕೇಳಿಸುತ್ತಿತ್ತು. "ನಿಮ್ಮ ಹೋಟೆಲಿಗೆ ಅಂತಲೇ ಹೊರಟು ಬಂದಿದೀವಿ. ನಾನು ಬೆಳಿಗ್ಗೆಯಿಂದ ಬರೀ ಕಾರ್ ಓಡಿಸಿದೀನಿ, ನನಗೆ ಎಷ್ಟು ದೊಡ್ಡದು ಸಿಗುತ್ತೆ ಮೇಡಂ?" ಪಕ್ಕದಿಂದ ಅವರ ಹೆಂಡತಿ ಕೂಗಿದರು, "ನಾನು ಎರಡು ಬಕೆಟ್ ಬಟ್ಟೆ ಒಗ್ದು ಬಂದಿದೀನಿ ಅಂತ ಹೇಳಿ! ನನಗೇ ದೊಡ್ಡದು!"

ಬಾಗಿಲು ಹಾಕಿ ಆಗಲೇ ಎರಡು ತಿಂಗಳಾಗಿತ್ತು. ಹೇಳಬೇಕಿತ್ತು. ಆದರೆ ಹೋಟೆಲು ಮುಚ್ಚಿದ್ದೇವೆ ಎಂಬ ಮಾತು ಹೊರಗೆ ಬರಲಿಲ್ಲ.

"ಇವತ್ತು ರಜ ಸರ್," ಎಂದೆ.

"ಛೇ! ಮುಂದಿನ ಭಾನುವಾರ ಇರುತ್ತಾ?"

"ಇರುತ್ತೆ," ಎಂದೆ.